ಗೋಕರ್ಣದಲ್ಲಿ ಟಿಕಿ ಬಾರ್ ಹಾಕ್ಬೇಕಂತೆ

ಹೋದ ತಿಂಗಳು ಇದೇ ಅಂಕಣದಲ್ಲಿ ಹಡಗಿನ ಕೆಲಸ ಹೇಗಿರ್ತದೆ ಅಂತ ಕುಮಟಾದ ಒಬ್ಬ ಹುಡುಗ ಕೇಳಿದ್ದಕ್ಕೆ ಉತ್ತರ ಬರೀತಾ, ನಾನೂ ಪ್ರಾಯದಲ್ಲಿ ಕ್ರೂಸ್ ಹಡಗಿನ ಟಿಕಿ ಬಾರಲ್ಲಿ, ಅಂದ್ರೆ ಪೆಸಿಫಿಕ್ ದ್ವೀಪದ ತರ ಅಲಂಕಾರ ಮಾಡಿ ರಮ್ ಡ್ರಿಂಕ್ಸ್ ಕೊಡೋ ಬಾರಲ್ಲಿ, ಎರಡು ವರ್ಷ ಗ್ಲಾಸ್ ತೊಳ್ದು ಆಮೇಲೆ ಶೇಕರ್ ಹಿಡ್ದವ ಅಂತ ಒಂದೇ ಒಂದು ಸಾಲು ಬರ್ದಿದ್ದೆ. ಅಷ್ಟಕ್ಕೇ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಟಿಕಿ ಬಗ್ಗೇನೇ. ಅಡಿಕೆ ರೇಟು, ಮಗನ ಮದ್ವೆ, ಗ್ಯಾಸ್ ಟ್ರಬಲ್ ಬಗ್ಗೆ ಕೇಳಿದವ್ರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯ್ಬೇಕು.

ಪ್ರಶ್ನೆ: ನಮ್ಮದು ಗೋಕರ್ಣದ ಹತ್ರ ಎಂಟು ಕೋಣೆ ಹೋಮ್‌ಸ್ಟೇ. ಬೆಂಗಳೂರಲ್ಲಿರೋ ತಂಗಿ ಮಗ ಬಂದು, ಮಾವ, ಹಿತ್ಲ ತೆಂಗಿನ ತೋಟದಲ್ಲಿ ಟಿಕಿ ಬಾರ್ ಮಾಡಿ, ಮರದ ದೊಡ್ಡ ದೊಡ್ಡ ಮುಖ ನಿಲ್ಲಿಸಿ, ಬಿದಿರು, ಪಂಜು, ನೀಲಿ ಬಣ್ಣದ ಡ್ರಿಂಕ್ಸು, ಫಾರಿನ್ನರ್ಸ್ ಮುಗಿಬೀಳ್ತಾರೆ ಅಂತ ತಲೆ ತಿಂತಿದ್ದಾನೆ. ಟಿಕಿ ಅಂದ್ರೆ ಹವಾಯಿ ದೇವ್ರಾ? ಮಾಡ್ಬಹುದಾ? ಖರ್ಚು ಹಾಕಿ ಕೈಸುಟ್ಕೊಳ್ಳೋದು ಬೇಡ ಅಂತ ಕೇಳ್ತಿದ್ದೇನೆ.

ಉತ್ತರ: ಅಣ್ಣಾ, ತಂಗಿ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದ್ರೆ ಅವನು ಎಲ್ಲೋ ನೋಡಿ ಬಂದಿದ್ದು ಕಾಪಿಯ ಕಾಪಿ, ಅಸಲು ಕಥೆ ಬೇರೆ ಉಂಟು, ಸ್ವಲ್ಪ ಉದ್ದ ಆಗ್ತದೆ ಕೂತು ಓದಿ.

ಪೆಸಿಫಿಕ್ ಸಾಗರದ ನಕ್ಷೆಯಲ್ಲಿ ಮೇಲೆ ಹವಾಯಿ, ಕೆಳಗೆ ಎಡಕ್ಕೆ ನ್ಯೂಜಿಲ್ಯಾಂಡ್, ಬಲಕ್ಕೆ ದೂ...ರದಲ್ಲಿ ಈಸ್ಟರ್ ದ್ವೀಪ, ಈ ಮೂರಕ್ಕೂ ಗೆರೆ ಎಳ್ದು ಸೇರ್ಸಿದ್ರೆ ಬರೋ ತ್ರಿಕೋಣನೇ ಪಾಲಿನೇಷ್ಯಾ. ತಾಹಿತಿ, ಸಮೋವಾ, ಟೋಂಗಾ ಎಲ್ಲ ಅದ್ರೊಳಗೆ. ಮಾವೊರಿ ಜನರ ಕಥೆಯಲ್ಲಿ ಟಿಕಿ ಅಂದ್ರೆ ಮೊಟ್ಟಮೊದ್ಲ ಮನುಷ್ಯ. ಮಾರ್ಕೇಸಸ್ ದ್ವೀಪಗಳಲ್ಲಿ ಕಲ್ಲಲ್ಲೋ ಮರದಲ್ಲೋ ಕೆತ್ತಿದ ಪೂರ್ವಿಕರ ಮೂರ್ತಿಗೂ ಟಿಕಿ ಅಂತ್ಲೇ ಹೆಸರು, ಹವಾಯಿ ಭಾಷೆಯಲ್ಲಿ ಅದೇ ಶಬ್ದ ಕಿಇ ಆಗಿದೆ. ಅಂದ್ರೆ ಇದು ಒಬ್ಬ ದೇವರ ಹೆಸರಲ್ಲ, ನಮ್ಮಲ್ಲಿ ಮೂರ್ತಿ ಅಂತೇವಲ್ಲ ಹಾಗೆ ಅಂತ ಇಟ್ಕೊಳ್ಳಿ.

ಇಷ್ಟು ಕೇಳಿದ್ರೆ ಬಾರ್ ಕೂಡ ಅಲ್ಲಿಂದ್ಲೇ ಬಂತು ಅನ್ಸ್ತದೆ, ಅಲ್ದಾ? ಅಲ್ವೇ ಅಲ್ಲ ಮಾರಾಯ್ರೆ. ಟಿಕಿ ಬಾರ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು, ಅದು ತೆಗ್ದ ಹೊತ್ತಲ್ಲೇ ಅರ್ನೆಸ್ಟ್ ಗ್ಯಾಂಟ್ ಅಂತ ಒಬ್ಬ ಊರೂರು ತಿರುಗಿ ಬಂದ ಆಸಾಮಿ ಹಾಲಿವುಡ್ಡಲ್ಲಿ ಡಾನ್ಸ್ ಬೀಚ್‌ಕಾಂಬರ್ ಅಂತ ಸಣ್ಣ ಬಾರ್ ತೆಗ್ದ, ಬಾರ್ ಎಷ್ಟು ನಡೀತು ಅಂದ್ರೆ ಆಮೇಲೆ ತನ್ನ ಹೆಸ್ರನ್ನೇ ಕಾಯಿದೆ ಪ್ರಕಾರ ಡಾನ್ ಬೀಚ್ ಅಂತ ಬದಲಾಯಿಸ್ಕೊಂಡ. ಆಗ ಒಳ್ಳೆ ವಿಸ್ಕಿ ದುಬಾರಿ, ಕೆರಿಬಿಯನ್ ಕಡೆಯ ರಮ್ ಅಗ್ಗ. ಅಗ್ಗದ ರಮ್ಮಿಗೆ ಲಿಂಬೆರಸ, ದಾಲ್ಚಿನ್ನಿ ಪಾಕ ಎಲ್ಲ ಸೇರ್ಸಿ, ಗೋಡೆಗೆ ಮೀನಿನ ಬಲೆ, ಚಿಪ್ಪು, ಬಿದಿರು ಕಟ್ಟಿ, ಊಟಕ್ಕೆ ಚೀನಾ ಕಡೆಯ ತಿಂಡಿ ಇಟ್ಟ. ರಮ್ಮು ಅಟ್ಲಾಂಟಿಕ್ ಕಡೇದು, ಅಡ್ಗೆ ಚೀನಾದ್ದು, ಹೆಸರು ಪೆಸಿಫಿಕ್ಕಿನದು, ಗಿರಾಕಿ ಹಾಲಿವುಡ್ಡಿನವ್ರು. ಅವನ ಶೀಟಿನ ಮಾಡಿನ ಮೇಲೆ ಪೈಪಲ್ಲಿ ನೀರು ಬಿಡ್ತಿದ್ನಂತೆ, ಹೊರಗೆ ಮಳೆ ಹೊಡೀತಿದೆ, ಇನ್ನೊಂದು ಗ್ಲಾಸ್ ಕುಡ್ದೇ ಹೋಗುವ ಅಂತ ಗಿರಾಕಿಗೆ ಅನ್ಸ್ಲಿ ಅಂತ. ನಮ್ಮಲ್ಲಿ ಜೂನಿಂದ ಸಪ್ಟೆಂಬರ್‌ವರೆಗೆ ಆ ಸೌಂಡ್ ಪುಕ್ಕಟೆ, ಏನ್ಮಾಡೋದು, ಗಿರಾಕಿನೇ ಇರೂದಿಲ್ಲ.

ಆಮೇಲೆ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿದ್ದು ವಾಪಸ್ ಬಂದ ಸೈನಿಕರು, ಜೆಟ್ ವಿಮಾನ, 1959ರಲ್ಲಿ ಹವಾಯಿ ಅಮೆರಿಕದ 50ನೇ ರಾಜ್ಯ ಆಗಿದ್ದು, ಎಲ್ಲ ಸೇರಿ ಆ ದೇಶ ತುಂಬ ಟಿಕಿ ಹುಚ್ಚು ಹಿಡೀತು. 70ರ ದಶಕದಲ್ಲಿ ಅದೇ ಹುಚ್ಚು ಹಳೇ ಸೋಫಾ ತರ ಬೇಡ ಆಯ್ತು, 90ರ ನಂತ್ರ ಮತ್ತೆ ಚಿಗುರ್ತು. ಈಗ ನಿಮ್ಮ ತಂಗಿ ಮಗನ ತಲೆವರೆಗೆ ಬಂದು ನಿಂತಿದೆ.

ಈಗ ಆ ಮರದ ಮುಖದ ವಿಷ್ಯ. ನಾನು ಕೆಲಸ ಮಾಡಿದ ಹಡಗಲ್ಲಿ ಡ್ರಿಂಕ್ಸ್ ಕೊಡೋದೇ ಪಿಂಗಾಣಿಯ ಟಿಕಿ ಮುಖದ ಮಗ್ಗಲ್ಲಿ, ಹಲ್ಲು ಕಿಸ್ಕೊಂಡು ಕಣ್ಣು ಅರಳಿಸ್ಕೊಂಡು ಇರೋವು, ದಿನಾ ನೂರಾರು ತೊಳೀತಿದ್ದೆ, ಒಂದು ದಿನಾನೂ ಏನೂ ಅನ್ಸಿರ್ಲಿಲ್ಲ. ನನ್ನ ಪಕ್ಕ ನ್ಯೂಜಿಲ್ಯಾಂಡಿನ ಒಬ್ಬ ಮಾವೊರಿ ಹುಡುಗ ಇದ್ದ. ಅವನು ತೊಳ್ದ ಮಗ್ಗನ್ನ ಶೆಲ್ಫಲ್ಲಿ ಇಡುವಾಗ ಎಲ್ಲಾದ್ರ ಮುಖಾನೂ ಗೋಡೆ ಕಡೆ ತಿರುಗ್ಸಿ ಇಡ್ತಿದ್ದ. ಸೂಪರ್‌ವೈಸರ್ ಬಂದು ಮತ್ತೆ ಈ ಕಡೆ ತಿರುಗ್ಸ್ತಿದ್ದ. ಯಾಕೋ ಹೀಗೆ ಅಂತ ಒಂದ್ಸಲ ಕೇಳ್ದೆ, ಅವನು ನಿನ್ನ ಅಜ್ಜನ ಮುಖದಲ್ಲಿ ಯಾರಾದ್ರೂ ಸ್ಟ್ರಾ ಹಾಕಿ ಕುಡೀತಾರಾ ಅಂದ, ಅಷ್ಟೇ, ಮತ್ತೆ ಆ ಮಾತು ತೆಗೀಲಿಲ್ಲ.

ನಮ್ಮ ಕಡೆಗೆ ತಂದು ಯೋಚ್ನೆ ಮಾಡಿ ಅಣ್ಣಾ. ನಿಮ್ಮೂರ ಬನದಲ್ಲಿ ಜಟಗನ ಕಲ್ಲೋ ಚೌಡಿ ಕಲ್ಲೋ ಇದ್ದೇ ಇರ್ತದೆ, ವರ್ಷಕ್ಕೊಂದ್ಸಲ ಕಾಯಿ ಒಡೆಸ್ತೀರಿ. ಘಟ್ಟದ ಮೇಲೆ ಹೋದ್ರೆ ಸಿರ್ಸಿ ಮಾರಿಕಾಂಬೆ, ಮರದಲ್ಲೇ ಕೆತ್ತಿದ ಮೂರ್ತಿ, ಎರಡು ವರ್ಷಕ್ಕೊಮ್ಮೆ ಜಾತ್ರೆ, ಆ ಮುಖ ನೋಡೋದಕ್ಕೇ ಎಲ್ಲೆಲ್ಲಿಂದ್ಲೋ ಜನ ಬರ್ತಾರೆ. ಲಂಡನ್ನಲ್ಲಿ ಯಾರೋ ನಮ್ಮ ಜಟಗನ ಮುಖದ ಮಗ್ಗಲ್ಲಿ ಬಿಯರ್ ಕೊಡ್ತಾರೆ ಅಂದ್ರೆ ಊರವ್ರು ಸುಮ್ನೆ ಇರ್ತಾರಾ? ಮಾವೊರಿಗಳು, ಹವಾಯಿಯವ್ರು ಇದನ್ನ ಬಾಯಿಬಿಟ್ಟೇ ಹೇಳ್ತಾ ಬಂದಿದ್ದಾರೆ, ಅಮೆರಿಕದಲ್ಲೇ ಈಗ ಕೆಲವು ಬಾರಿನವ್ರು ಮುಖಗಳನ್ನ ಇಳಿಸಿ ಟ್ರಾಪಿಕಲ್ ಬಾರ್ ಅಂತ ಬೋರ್ಡ್ ಬದಲಾಯಿಸ್ಕೊಂಡಿದ್ದಾರೆ. ಹಾಗಾಗಿ ಮರದ ಮುಖ ಬೇಡ. ಇದು ನನ್ನ ಅಭಿಪ್ರಾಯ, ತಂಗಿ ಮಗನಿಗೆ ಸಿಟ್ಟು ಬಂದ್ರೆ ಬರ್ಲಿ.

ಮತ್ತೆ ಎಂಥ ಇಡೋದು ಅಂದ್ರೆ, ಹಿತ್ಲಲ್ಲಿ ಒಂದು ಸುತ್ತು ಹಾಕಿ ನೋಡಿ. ಕಡಲ ಬದಿಯ ಗಾಳಿಮರ ಉಂಟಲ್ಲ, ಅದು ನಮ್ಮ ಮರ ಅಂತ ನಾವು ಅಂದ್ಕೊಂಡಿದ್ದೇವೆ, ಅದ್ರ ಮೂಲ ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ, ಪೆಸಿಫಿಕ್ ಕರಾವಳಿ. ಭಾರತಕ್ಕೆ ಅದನ್ನ ಮೊದ್ಲು ತಂದು ನೆಟ್ಟಿದ್ದೇ ನಮ್ಮ ಕಾರವಾರದಲ್ಲಿ, 1868ರಲ್ಲಿ. ಸಮೋವಾ ಟೋಂಗಾ ಕಡೆ ಈ ಮರಕ್ಕೆ ತೋಆ ಅಂತಾರೆ, ಶೂರನಿಗೂ ಅದೇ ಶಬ್ದ, ಯಾಕಂದ್ರೆ ಅಷ್ಟು ಗಟ್ಟಿ, ಯುದ್ಧದ ದೊಣ್ಣೆ ಮಾಡೋದು ಅದ್ರಲ್ಲೇ. ಅಂದ್ರೆ ನಿಮ್ಮ ಬೇಲಿಯಲ್ಲಿ ನಿಜವಾದ ಪಾಲಿನೇಷ್ಯಾ 150 ವರ್ಷದಿಂದ ನಿಂತ್ಕೊಂಡಿದೆ, ನೀವು ಅದಕ್ಕೆ ಬಟ್ಟೆ ಒಣಗ್ಸೋ ಹಗ್ಗ ಕಟ್ಟಿದ್ದೀರಿ.

ತೆಂಗಿಂದೂ ಒಂದು ಕಥೆ. 2011ರಲ್ಲಿ ಪ್ರಕಟ ಆದ ಡಿಎನ್‌ಎ ಅಧ್ಯಯನದ ಪ್ರಕಾರ ತೆಂಗನ್ನ ಮನುಷ್ಯ ಸಾಕಿ ಬೆಳೆಸಿದ್ದು ಎರಡು ಕಡೆ ಬೇರೆ ಬೇರೆಯಾಗಿ, ಒಂದು ಪೆಸಿಫಿಕ್ ಕಡೆ, ಇನ್ನೊಂದು ನಮ್ಮ ಹಿಂದೂ ಮಹಾಸಾಗರದ ಕಡೆ. ಹಾಗಾಗಿ ತೆಂಗಿನ ವಿಷ್ಯದಲ್ಲಿ ನಾವು ಯಾರ ಹತ್ರಾನೂ ಸಾಲ ತರಬೇಕಾಗಿಲ್ಲ. ಕೆಸು ಅಂತೂ ನಮ್ಮಲ್ಲಿ ಮಳೆಗಾಲದಲ್ಲಿ ಬಾವಿಕಟ್ಟೆ ಸುತ್ತ ತಾನೇ ಏಳ್ತದೆ, ಪತ್ರೊಡೆ ಮಾಡಿ ತಿಂತೇವೆ. ಅದೇ ಕೆಸುವಿನ ಗಡ್ಡೆ ಏಷ್ಯಾದಿಂದ ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಹಾರಿ ಹವಾಯಿವರೆಗೆ ಹೋಗಿದೆ, ಅಲ್ಲಿ ಬೇಯ್ಸಿ ಜಜ್ಜಿ ಪೋಯಿ ಅಂತ ಗಂಜಿ ತರ ಮಾಡ್ತಾರೆ. ಆ ಕಡೆಯಿಂದ ಈ ಕಡೆ ಬಂದಿದ್ದು ದಿವಿಹಲಸು. ತಾಹಿತಿಯ ದಿವಿಹಲಸಿನ ಸಾವಿರಕ್ಕೂ ಹೆಚ್ಚು ಸಸಿ ತುಂಬ್ಕೊಂಡು ಕೆರಿಬಿಯನ್ ತೋಟದ ಗುಲಾಮರಿಗೆ ಅಗ್ಗದ ಊಟ ಆಗ್ಲಿ ಅಂತ ಹೊರಟಿದ್ದ ಬ್ರಿಟಿಷ್ ಹಡಗು ಬೌಂಟಿಯಲ್ಲಿ 1789ರಲ್ಲಿ ನಾವಿಕರೇ ದಂಗೆ ಎದ್ದು ಕಪ್ತಾನನನ್ನ ಸಣ್ಣ ದೋಣಿಯಲ್ಲಿ ಬಿಟ್ಟು ಸಸಿ ಎಲ್ಲ ಸಮುದ್ರಕ್ಕೆ ಎಸೆದಿದ್ರು. ನಾವು ಅದೇ ಕಾಯಿಯನ್ನ ತೆಳ್ಳಗೆ ಹೆಚ್ಚಿ ರವೆ ಹಚ್ಚಿ ಕಾವಲಿ ಮೇಲೆ ಹುರೀತೇವೆ. ನಿಮ್ಮ ಮೆನುವಿನಲ್ಲಿ ಫ್ರೆಂಚ್ ಫ್ರೈಸ್ ಇರೋ ಜಾಗದಲ್ಲಿ ಇದನ್ನ ಹಾಕಿ, ಜೊತೆಗೆ ಈ ದಂಗೆ ಕಥೆ ನಾಲ್ಕು ಸಾಲು ಬರ್ದು ಹಾಕಿ.

ಇನ್ನೂ ಒಂದು, ಪಾತಿ ದೋಣಿ. ಒಂದೇ ಮರ ಕೊರೆದು ಮಾಡಿದ ಸಣ್ಣ ದೋಣಿಗೆ ಪಕ್ಕದಲ್ಲಿ ಎರಡು ಕೋಲು ಕಟ್ಟಿ ತೇಲೋ ದಿಮ್ಮಿ ಜೋಡಿಸಿರ್ತಾರಲ್ಲ, ಕೊಂಕಣಿಯವ್ರು ಉಲಾಂಡಿ ಅಂತಾರೆ, ಅಲೆಗೆ ಮಗುಚಬಾರದು ಅಂತ. ಪಾಲಿನೇಷ್ಯಾದವ್ರು ಸಾವಿರಾರು ಕಿಲೋಮೀಟರ್ ನಕ್ಷತ್ರ ನೋಡ್ಕೊಂಡು ದಾಟಿದ್ದು ಇದೇ ಕುಲದ ದೋಣಿಯಲ್ಲಿ. ಈ ಪಕ್ಕದಿಮ್ಮಿ ಉಪಾಯ ಆಗ್ನೇಯ ಏಷ್ಯಾದ ನಾವಿಕರಿಂದ್ಲೇ ನಮ್ಮ ಕಡಲಿಗೂ ಬಂತು ಅಂತ ದೋಣಿ ಇತಿಹಾಸ ಓದಿದವ್ರು ಹೇಳ್ತಾರೆ. ಈಗ ಫೈಬರ್ ದೋಣಿ ಬಂದು ಹಳೇ ಪಾತಿ ಎಲ್ಲ ಮಗುಚಿ ಬಿದ್ಕೊಂಡಿವೆ, ಅಂಥ ಒಂದು ಹಾಳಾದ ಪಾತಿಯನ್ನ ಯಾರಾದ್ರೂ ಮೀನುಗಾರರಿಗೆ ದುಡ್ಡು ಕೊಟ್ಟು ತಂದು ನಿಮ್ಮ ಕೌಂಟರ್ ಮಾಡ್ಕೊಳ್ಳಿ. ಕೆತ್ತನೆ ಬೇಕೇ ಬೇಕು ಅಂದ್ರೆ ನಮ್ಮ ಜಿಲ್ಲೆಯಲ್ಲೇ ಗುಡಿಗಾರರು ಇದ್ದಾರೆ, ಬಳ್ಳಿ, ಮೀನು, ಆನೆ, ಏನು ಬೇಕೋ ಕೆತ್ತಿಕೊಡ್ತಾರೆ, ಅವರ ಕೈಯಲ್ಲಿ ಹವಾಯಿ ಮುಖ ಕೆತ್ಸೋದು ಅಂದ್ರೆ ಭಟ್ರ ಕೈಯಲ್ಲಿ ಬರ್ಗರ್ ಮಾಡಿಸ್ದಂಗೆ.

ಇನ್ನು ಕಾಯಿದೆ. ನಿಮ್ಮ ತೋಟ ಸಮುದ್ರಕ್ಕೆ ಎಷ್ಟು ದೂರ ಅಂತ ನೀವು ಬರೀಲಿಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಹಳ್ಳಿ ಕಡೆಯ ಹೆಚ್ಚಿನ ಜಾಗಕ್ಕೆ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ, 2019ರ ಅಧಿಸೂಚನೆಯಲ್ಲಿ ಜನ ಒತ್ತಾಗಿರೋ ಹಳ್ಳಿಗಳಿಗೆ ಮಾತ್ರ ಇದನ್ನ 50 ಮೀಟರ್ ಮಾಡಿದ್ದಾರೆ. ತಾತ್ಕಾಲಿಕ ಶ್ಯಾಕಿಗೆ ಅವಕಾಶ ಉಂಟು, ಆದ್ರೆ ಅನುಮತಿ ತಗೊಂಡೇ ಹಾಕ್ಬೇಕು, ಹಾಕಿ ಆಮೇಲೆ ಕೇಳುವ ಅಂದ್ರೆ ಜೇಸಿಬಿ ಬಂದು ನಿಂತ ಮೇಲೆ ಅಳೋದೇ ಗತಿ. ಮದ್ಯ ಕೊಡೋದಾದ್ರೆ ಅಬಕಾರಿ ಲೈಸೆನ್ಸ್ ಬೇಕು, ಬಾರಿಗೆ ಸಿಎಲ್-9, ವಸತಿ ಇರೋ ಹೋಟೆಲಿಗೆ ಸಿಎಲ್-7, ಎರಡನೇದಕ್ಕೆ ಇಷ್ಟು ಕೋಣೆ ಇರ್ಬೇಕು ಅಂತ ಲೆಕ್ಕ ಉಂಟು, ನಿಮ್ಮ ಎಂಟು ಕೋಣೆಗೆ ಆಗೋದಿಲ್ಲ. ಫ್ರೆಂಡ್ಸಿಗೆ ಸುಮ್ನೆ ಕೊಡೋದು ಅಂತ ಹೇಳಿ ಬಿಲ್ಲಲ್ಲಿ ಸ್ನ್ಯಾಕ್ಸ್ ಅಂತ ಬರ್ಯೋ ಉಪಾಯ ಎಲ್ರಿಗೂ ಗೊತ್ತಿದೆ, ಅಬಕಾರಿಯವ್ರಿಗೂ ಗೊತ್ತಿದೆ.

ಮಡಲಿನ ಮಾಡು, ಅದ್ರ ಕೆಳಗೆ ಪಂಜು, ಈ ಎರಡೂ ಒಟ್ಟಿಗೆ ಬೇಡ್ವೇ ಬೇಡ. ಮಾರ್ಚ್ ತಿಂಗಳ ಒಣ ಮಡಲು ಹೊತ್ಕೊಳ್ಳೋಕೆ ಒಂದು ಕಿಡಿ ಸಾಕು. ಪಂಜು ಬೇಕಾದ್ರೆ ಅಂಗಳದ ಆ ತುದಿಗೆ, ಗಾಳಿ ಎತ್ತ ಬೀಸ್ತದೆ ನೋಡಿ. ಮಡಲನ್ನ ಪ್ರತಿ ವರ್ಷ ಮಳೆ ಮುಗಿದ ಮೇಲೆ ಹೊದೆಸ್ಬೇಕು, ಆ ಖರ್ಚನ್ನ ತಂಗಿ ಮಗ ಲೆಕ್ಕದಲ್ಲಿ ಹಿಡ್ದಿದ್ದಾನಾ ಕೇಳಿ.

ಒಟ್ಟು ಮದ್ಯ ಇಲ್ದೇ ಶುರು ಮಾಡಿ. ಎಳನೀರು, ಮುರುಗಲು ಪಾನಕ, ಅಪ್ಪೆಹುಳಿ ಇಷ್ಟೇ ಸಾಕು. ಅಪ್ಪೆಹುಳಿ ಊಟ ಆದ್ಮೇಲೆ ಒಂದು ಲೋಟ ಕುಡ್ಸಿ ನೋಡಿ, ಎರಡು ಪೆಗ್ ಹಾಕಿದವ್ರಿಗಿಂತ ಚೆನ್ನಾಗಿ ನಿದ್ದೆ ಹೊಡೀತಾರೆ ಗೆಸ್ಟುಗಳು.

ಪ್ರಶ್ನೆ: ಅಂಕೋಲಾದವ, ಈಗ ದುಬೈಯಲ್ಲಿ ಕೆಲಸ. ಇಲ್ಲಿ ಟ್ರೇಡರ್ ವಿಕ್ಸ್ ಅಂತ ಟಿಕಿ ರೆಸ್ಟೋರೆಂಟಿಗೆ ಆಫೀಸಿನವ್ರು ಕರ್ಕೊಂಡು ಹೋಗಿದ್ರು, ಮೈ ಟಾಯ್ ಕುಡ್ದೆ, ಜ್ಯೂಸ್ ತರ ಇತ್ತು ಆದ್ರೆ ಎದ್ದು ನಿಂತಾಗ ಗೊತ್ತಾಯ್ತು. ಊರಿಗೆ ಬಂದಾಗ ಮನೆಯಲ್ಲಿ ಮಾಡ್ಬಹುದಾ ಅಣ್ಣ?

ಉತ್ತರ: ತಮಾ, ನೀನು ಸರಿಯಾದ ಮನೆಗೇ ಹೋಗಿದ್ದೀಯ. ವಿಕ್ ಅಂದ್ರೆ ವಿಕ್ಟರ್ ಬರ್ಜೆರಾನ್, 1934ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಲ್ಲಿ ಸಣ್ಣ ಹೋಟೆಲ್ ತೆಗ್ದವ, ಡಾನ್ ಬೀಚ್‌ನ ಬಾರ್ ನೋಡಿ ಬಂದು ತಂದೂ ಹಾಗೇ ಮಾಡ್ಕೊಂಡ. ಮೈ ಟಾಯ್ ಅವನು 1944ರಲ್ಲಿ ಮಾಡಿದ್ದು, ತಾಹಿತಿಯಿಂದ ಬಂದ ಸ್ನೇಹಿತರಿಗೆ ಕೊಟ್ಟಾಗ ಅವ್ರು ತಾಹಿತಿ ಭಾಷೆಯಲ್ಲಿ ಭಾರೀ ಚೊಲೋ ಉಂಟು ಅನ್ನೋ ಅರ್ಥದಲ್ಲಿ ಮೈತಾಯಿ ಅಂದ್ರಂತೆ, ಅದೇ ಹೆಸರಾಯ್ತು. ಅದನ್ನ ತಾನೇ ಮೊದ್ಲು ಮಾಡಿದ್ದು ಅಂತ ಡಾನ್ ಕಡೆಯಿಂದ್ಲೂ ತಕರಾರು ಇತ್ತು, ಆ ಜಗಳ ನಮಗೆ ಬೇಡ.

ಲೆಕ್ಕ ಹೀಗೆ: ಹಳೇ ಜಮೈಕಾ ರಮ್ 60 ಎಂಎಲ್, ಕ್ಯುರಸೋ ಅನ್ನೋ ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ 15, ಬಾದಾಮಿ ಪಾಕ 15, ಕಲ್ಲುಸಕ್ಕರೆ ಪಾಕ ಏಳೂವರೆ, ಒಂದು ಲಿಂಬೆಯ ರಸ, ಪುಡಿ ಐಸಲ್ಲಿ ಕುಲುಕಿ ಅದೇ ಐಸ್ ಸಮೇತ ಗ್ಲಾಸಿಗೆ. ಹಿಂಡಿದ ಲಿಂಬೆ ಸಿಪ್ಪೆ ಮೇಲೆ, ಪುದಿನ ಚಿಗುರು ಪಕ್ಕದಲ್ಲಿ. ಅದ್ರಲ್ಲಿ ಅನಾನಸ್ ರಸ ಇಲ್ಲ ನೋಡು. 1953ರಲ್ಲಿ ಇವನೇ ಹವಾಯಿಯ ಹೋಟೆಲಿಗೆ ಡ್ರಿಂಕ್ಸ್ ಪಟ್ಟಿ ಮಾಡಿಕೊಡೋಕೆ ಹೋದ, ಅಲ್ಲಿ ಅನಾನಸ್ ಸೇರ್ಕೊಂತು, ಈಗ ಎಲ್ಲರೂ ಕೊಡೋದು ಆ ಸಿಹಿ ನೀರೇ. ಬಾದಾಮಿ ಪಾಕಕ್ಕೆ ಅವ್ರು ಒರ್ಜಾ ಅಂತಾರೆ, ಹೆಸ್ರು ಕೇಳಿ ಹೆದರ್ಬೇಡ, ಬಾದಾಮಿ ನೆನೆಸಿ ರುಬ್ಬಿ ಬಟ್ಟೆಯಲ್ಲಿ ಹಿಂಡಿ ಆ ಹಾಲಿಗೆ ಸಕ್ಕರೆ ಹಾಕಿ ಕರಗ್ಸಿದ್ರೆ ಆಯ್ತು, ಮೇಲೆ ಎರಡು ಹನಿ ಕಿತ್ತಳೆ ಹೂವಿನ ನೀರು, ಸಿಗದಿದ್ರೆ ಬಿಡು. ಆಯಿ ಹತ್ರ ಬಾದಾಮಿ ಹಾಲಿಗೆ ಅಂತ ಹೇಳು, ರುಬ್ಬಿ ಕೊಡ್ತಾಳೆ, ಆಮೇಲೆ ಎಂಥಕ್ಕೆ ಅಂತ ಹೇಳಿದ್ರೆ ನಾನು ಜವಾಬ್ದಾರ ಅಲ್ಲ.

ಜ್ಯೂಸ್ ತರ ಇತ್ತು ಅಂದ್ಯಲ್ಲ, ಟಿಕಿ ಡ್ರಿಂಕಿನ ಮೋಸ ಇರೋದೇ ಅಲ್ಲಿ. ಹುಳಿ, ಸಿಹಿ, ಮಸಾಲೆ, ಐಸು ಸೇರಿ ಎರಡು ಮೂರು ತರದ ರಮ್ಮನ್ನ ಅಡಗ್ಸಿಬಿಡ್ತವೆ. ಡಾನ್ ಬೀಚ್‌ನ ಝೋಂಬಿ ಅನ್ನೋದನ್ನ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಕೊಡ್ತಿರ್ಲಿಲ್ಲ ಅವ್ರು. ಅವನ ಇನ್ನೊಂದು ಚಾಲಾಕಿ, ಪಾಕದ ಬಾಟ್ಲಿಗೆ ಹೆಸ್ರು ಬರೀದೇ ಬರೀ ನಂಬರ್ ಹಾಕ್ತಿದ್ದ, ಬಾರಿನ ಹುಡುಗ್ರು ಇದು ನಾಲ್ಕನೇ ನಂಬರ್ ಅರ್ಧ ಔನ್ಸ್ ಅಂತ ಹಾಕ್ತಿದ್ರು ಹೊರ್ತು ಒಳಗೆ ಎಂಥ ಇದೆ ಗೊತ್ತಿರ್ಲಿಲ್ಲ, ಕೆಲಸ ಬಿಟ್ಟು ಬೇರೆ ಬಾರಿಗೆ ಹೋದ್ರೂ ರೆಸಿಪಿ ಹೋಗ್ತಿರ್ಲಿಲ್ಲ. ನಮ್ಮ ಅಜ್ಜಿ ಕಷಾಯದ ಪುಡಿ ಡಬ್ಬಿ ನೆನಪಾಯ್ತು ನನಗೆ. ಡಾನ್‌ನ ಒಂದು ಬಾಟ್ಲಿಯಲ್ಲಿ ಇದ್ದಿದ್ದು ದಾಲ್ಚಿನ್ನಿ ಪಾಕ, ಅದನ್ನ ದೊಡ್ಡ ಚಕ್ಕೋತದಂಥ ಗ್ರೇಪ್‌ಫ್ರೂಟ್ ರಸಕ್ಕೆ ಸೇರಿಸೋದು ಅಂತ ಜೆಫ್ ಬೆರ್ರಿ ಅನ್ನೋ ಒಬ್ಬ ಹಳೇ ಬಾರ್ ಹುಡುಗರ ನೋಟ್‌ಬುಕ್ ಹುಡುಕಿ ವರ್ಷಾನುಗಟ್ಲೆ ತಲೆಕೆಡಿಸ್ಕೊಂಡು ಪತ್ತೆ ಹಚ್ಚಿದ.

ಒಂದು ಮಾತು, ಗೋವಾದಲ್ಲಿ ರಮ್ಮು ಸೋವಿ ಅಂತ ಬರ್ತಾ ನಾಲ್ಕು ಬಾಟ್ಲಿ ಕಾರಲ್ಲಿ ಹಾಕ್ಕೊಂಡು ಬರ್ಬೇಡ. ಮಾಜಾಳಿ ಚೆಕ್‌ಪೋಸ್ಟಲ್ಲಿ ಡಿಕ್ಕಿ ತೆಗೆಸ್ತಾರೆ, ಪರ್ಮಿಟ್ ಇಲ್ದೇ ತಂದ ಗೋವಾ ಮದ್ಯ ಅಂದ್ರೆ ಬಾಟ್ಲಿ ಹೋಗೋದಲ್ದೇ ಗಾಡಿನೂ ಅಲ್ಲೇ ನಿಲ್ತದೆ. ರಜೆಗೆ ಬಂದವ ಕೋರ್ಟಿಗೆ ಅಲೀಬೇಕಾದೀತು.

ಪ್ರಶ್ನೆ: ಸಿರ್ಸಿಯಿಂದ ನಿವೃತ್ತ ಶಿಕ್ಷಕಿ. ಮನೆಮಂದಿ ಎಲ್ಲ ಓದೋ ಪತ್ರಿಕೆಯಲ್ಲಿ ಬಾರು ರಮ್ಮು ಅಂತ ಬರೀತೀರಲ್ಲ, ಆ ದ್ವೀಪದ ಜನ ಇಡೀ ದಿನ ಕುಡ್ಕೊಂಡೇ ಇರ್ತಿದ್ರಾ?

ಉತ್ತರ: ಅಕ್ಕೋರೆ, ಬೈದಿದ್ದು ಸರಿ, ಆದ್ರೆ ಪ್ರಶ್ನೆ ಬಹಳ ಒಳ್ಳೇದು ಕೇಳಿದ್ರಿ. ಯುರೋಪಿನ ಹಡಗು ಬರೋಕೂ ಮುಂಚೆ ಪಾಲಿನೇಷ್ಯಾದವ್ರಿಗೆ ಮದ್ಯ ಅನ್ನೋದೇ ಗೊತ್ತಿರ್ಲಿಲ್ಲ. ಅವ್ರು ಕುಡೀತಿದ್ದಿದ್ದು ಕಾವಾ, ಒಂದು ಗಿಡದ ಬೇರು ಕುಟ್ಟಿ ನೀರಲ್ಲಿ ಕಿವುಚಿ ಸೋಸಿದ್ದು, ನೋಡೋಕೆ ಕೆಸ್ರು ನೀರು, ಕುಡಿಯೋದು ತೆಂಗಿನ ಕರಟದಲ್ಲಿ. ನಾಲಿಗೆ ಜುಮುಜುಮು ಅಂತ ಮರಗಟ್ತದೆ, ಮೈ ಸಡಿಲ ಆಗ್ತದೆ, ಮದ್ಯದ ತರ ಗಲಾಟೆ ಇಲ್ಲ. ಟೋಂಗಾ, ಸಮೋವಾದಲ್ಲಿ ಈಗ್ಲೂ ಹಿರಿಯರು ಸೇರಿದ್ರೆ ಯಾರಿಗೆ ಮೊದ್ಲ ಕರಟ, ಯಾರಿಗೆ ಆಮೇಲೆ ಅಂತ ಕಟ್ಟುನಿಟ್ಟು. ನಿಮಗೆ ಖುಷಿ ಆಗೋ ವಿಷ್ಯ ಏನಂದ್ರೆ ಈ ಕಾವಾ ಗಿಡ ನಿಮ್ಮ ತೋಟದ ಕಾಳುಮೆಣಸಿನ ಬಳ್ಳಿಗೆ, ವೀಳ್ಯದೆಲೆಗೆ ಒಂದೇ ಕುಲದ್ದು, ಮೂರಕ್ಕೂ ಶಾಸ್ತ್ರೀಯ ಹೆಸ್ರಲ್ಲಿ ಮನೆತನ ಪೈಪರ್. ನಮ್ಮಲ್ಲಿ ಬಂದವ್ರಿಗೆ ಮೊದ್ಲು ಕವಳದ ಬಟ್ಲು ಮುಂದಿಡ್ತೇವೆ, ಅವ್ರು ಕಾವಾ ಬಟ್ಲು ಇಡ್ತಾರೆ, ಕಾವಾ-ಕವಳ ಅಂತ ಶಬ್ದ ಹೊಂದಿದ್ದು ಸುಮ್ನೆ ಹೊಂದಿದ್ದು, ಅದಕ್ಕೆ ಅರ್ಥ ಹುಡುಕ್ಬೇಡಿ. ಟಿಕಿ ಬಾರುಗಳ ರಮ್ಮಿನ ಪಟ್ಟಿಯಲ್ಲಿ ಈ ಕಾವಾ ಸಾಮಾನ್ಯವಾಗಿ ಕಾಣಿಸೂದೇ ಇಲ್ಲ.

ಪ್ರಶ್ನೆ: ಕಾರವಾರದವಳು, ಮದ್ವೆ ನಿಶ್ಚಯ ಆಗಿದೆ. ನಮ್ಮವರಿಗೆ ಬೋರಾ ಬೋರಾದ ನೀರಿನ ಮೇಲಿನ ಗುಡಿಸಲಲ್ಲಿ ಹನಿಮೂನ್ ಮಾಡ್ಬೇಕಂತೆ. ಬಜೆಟ್ ಇಲ್ಲ. ನಮ್ಮ ಸಮುದ್ರದಲ್ಲಿ ಯಾಕೆ ಅಂಥದ್ದು ಕಟ್ಟೋದಿಲ್ಲ?

ಉತ್ತರ: ತಂಗೀ, ಬೋರಾ ಬೋರಾ ಅಂದ್ರೆ ಹಳೇ ಜ್ವಾಲಾಮುಖಿ ಗುಡ್ಡ, ಅದ್ರ ಸುತ್ತ ಹವಳದ ದಿಬ್ಬ ಗೋಡೆ ತರ ನಿಂತಿದೆ, ದೊಡ್ಡ ಅಲೆ ಎಲ್ಲ ಆ ಗೋಡೆಗೇ ಹೊಡ್ದು ಸಾಯ್ತದೆ, ಒಳಗಿನ ನೀರು ಕೆರೆ ತರ ತಣ್ಣಗೆ. ಅಂಥಲ್ಲಿ ನಾಲ್ಕು ಕಂಬ ನೆಟ್ಟು ಗುಡಿಸಲು ಹಾಕಿದ್ರೆ ನಿಲ್ತದೆ. ಅದೂ ಪಾಲಿನೇಷ್ಯಾದವ್ರ ಹಳೇ ಮನೆ ಅಲ್ಲ ಮತ್ತೆ, 1967ರಲ್ಲಿ ಪಕ್ಕದ ರಾಯಾತೇಯಾ ದ್ವೀಪದಲ್ಲಿ ಅಮೆರಿಕದ ಮೂವರು ಹೋಟೆಲಿನವ್ರು ಮೊದ್ಲು ಕಟ್ಟಿದ್ದು, ಬೀಚ್ ಚೊಲೋ ಇಲ್ದಿದ್ದಕ್ಕೆ ನೀರ ಮೇಲೇ ಕಟ್ಟುವ ಅಂತ. ನಮ್ಮಲ್ಲಿ ಹವಳದ ಗೋಡೆ ಇಲ್ಲ. ಜೂನ್ ಜುಲೈ ಅಲೆ ಕಾರವಾರದವಳಾದ ನಿನಗೆ ನಾನು ಹೇಳ್ಬೇಕಾ, ಆ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆನೇ ಬಂದ್. ಗುಡಿಸಲು ನಿಮ್ಮವರ ಸಮೇತ ಗೋವಾ ಕಡೆ ತೇಲ್ಕೊಂಡು ಹೋದೀತು. ನೀರು ಯಾಕೆ ಆ ನೀಲಿ ಇಲ್ಲ ಅಂದ್ರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲ ಘಟ್ಟದ ಮಣ್ಣು ಹೊತ್ತು ತಂದು ಇಲ್ಲೇ ಸುರೀತಾವೆ. ಆ ಮಣ್ಣಿಂದ್ಲೇ ನಮ್ಮ ಸಿಗಡಿ, ಚಿಪ್ಪುಮೀನು. ನೀಲಿ ಬೇಕಾ ಬಳಚು ಬೇಕಾ ಕೇಳಿದ್ರೆ ನಾನಂತೂ ಬಳಚು ಅಂತೇನೆ.

ತಿಳಿ ನೀರು ನೋಡ್ಬೇಕಂದ್ರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ, ಅಲ್ಲಿ ಹವಳನೂ ಉಂಟು, ಡೈವಿಂಗೂ ಮಾಡಿಸ್ತಾರೆ, ಮಳೆಗಾಲ ಬಿಟ್ಟು. ಗುಡಿಸಲು ಬೇಕಂದ್ರೆ ನಿಮ್ಮೂರ ಎದುರೇ ದೇವಬಾಗ, ಕಾಳಿ ನದಿ ಸಮುದ್ರ ಸೇರೋ ಜಾಗದಲ್ಲಿ ಗಾಳಿಮರದ ಕೆಳಗೆ ಜಂಗಲ್ ಲಾಡ್ಜಸ್‌ನವ್ರದ್ದು ಉಂಟು, ಇಡೀ ರಾಜ್ಯದವ್ರು ಬಂದು ಹೋಗ್ತಾರೆ, ಕಾರವಾರದವ್ರು ಮಾತ್ರ ಈ ಕಡೆ ದಡದಿಂದ ನೋಡ್ತಾ ಇರ್ತಾರೆ. 22 ವರ್ಷದ ರವೀಂದ್ರನಾಥ ಟ್ಯಾಗೋರ್ ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದು ಈ ಕಡಲು ನೋಡಿ ನಾಟಕ ಬರ್ದು ಹೋಗಿದ್ದಾರೆ. ನಿಜವಾದ ಹವಳದ ದ್ವೀಪವೇ ಆಗ್ಬೇಕಂದ್ರೆ ನಮ್ಮ ದೇಶದ್ದೇ ಲಕ್ಷದ್ವೀಪ, ಮುಂಚೆನೇ ಪರ್ಮಿಟ್ ಮಾಡ್ಸಿ. ಅಲ್ಲಿ ಬಂಗಾರಂ ದ್ವೀಪ ಒಂದು ಬಿಟ್ರೆ ಮದ್ಯ ಇಲ್ಲ, ಅತ್ತೆ ಮನೆಯವ್ರಿಗೂ ಸಮಾಧಾನ.

ಪ್ರಶ್ನೆ: ನಮ್ಮದು ಬನವಾಸಿ ಹತ್ರ, ಅನಾನಸ್ ಬೆಳೀತೇವೆ. ಮಗಳ ಕಾಲೇಜ್ ಫ್ರೆಂಡ್ಸ್ ಬರ್ತಾರೆ ಅಂತ ಹವಾಯಿ ಥೀಮ್ ಪಾರ್ಟಿಗೆ ಪೀನಾ ಕೊಲಾಡಾ ಅಂತ ಅನಾನಸ್ ಮಿಲ್ಕ್‌ಶೇಕ್ ಮಾಡ್ದೆ, ಅರ್ಧ ಗಂಟೆಗೆ ಕಹಿ ವಿಷ ಆಯ್ತು. ಎಲ್ಲಿ ತಪ್ಪಿದೆ? ಮತ್ತೆ ಆ ಕಾಗದದ ಕೊಡೆ ಎಲ್ಲಿ ಸಿಗ್ತದೆ?

ಉತ್ತರ: ಅಕ್ಕಾ, ಹಾಲು ತಪ್ಪು. ಹಸಿ ಅನಾನಸಲ್ಲಿ ಬ್ರೊಮೆಲೈನ್ ಅನ್ನೋ ಕಿಣ್ವ ಉಂಟು, ಅದು ಹಾಲಿನ ಪ್ರೋಟೀನನ್ನ ಕತ್ತರಿಸ್ತಾ ಹೋಗ್ತದೆ, ಹುಳಿಗೆ ಹಾಲು ಒಡೆಯೋದು ಒಂದು ಕಡೆ, ಈ ಕಹಿ ಇನ್ನೊಂದು ಕಡೆ. ಜಾಸ್ತಿ ತಿಂದ್ರೆ ನಾಲಿಗೆ ಕೆರೆಯೋದೂ ಇದ್ರಿಂದ್ಲೇ. ಕುದಿಸಿದ್ರೆ ಕಿಣ್ವ ಸಾಯ್ತದೆ, ಅದಕ್ಕೇ ಡಬ್ಬಿ ಅನಾನಸ್ ಹಾಕಿದವ್ರಿಗೆ ಹೀಗಾಗೋದಿಲ್ಲ, ತೋಟದ ತಾಜಾ ಹಣ್ಣು ಹಾಕಿದ ನಿಮಗೆ ಮಾತ್ರ ಶಿಕ್ಷೆ. ಅಸಲು ಪೀನಾ ಕೊಲಾಡಾ ಹವಾಯಿದೂ ಅಲ್ಲ, ಕೆರಿಬಿಯನ್‌ನ ಪೋರ್ಟೊರಿಕೊದ್ದು, 1978ರಲ್ಲಿ ಅಲ್ಲಿಯ ಅಧಿಕೃತ ಪಾನೀಯ ಅಂತ ಸಾರಿದ್ರು, ಅದಕ್ಕೆ ಹಾಕೋದು ದನದ ಹಾಲಲ್ಲ, ತೆಂಗಿನ ಹಾಲಿನ ಗಟ್ಟಿ ಕೆನೆ.

ಮಿಕ್ಸಿಗೆ ಎರಡು ಕಪ್ ಅನಾನಸ್ ಹೋಳು, ಒಂದು ಕಪ್ ಮೊದ್ಲ ಹಿಂಡಿನ ತೆಂಗಿನ ಹಾಲು, ಎರಡು ಚಮಚ ಜೋನಿ ಬೆಲ್ಲ, ಅರ್ಧ ಲಿಂಬೆ, ಚೂರು ಶುಂಠಿ, ಚಿಟಿಕೆ ಉಪ್ಪು, ಐಸು. ಕುಡಿಯುವ ಹೊತ್ತಿಗೇ ಮಾಡಿ, ಮುಂಚೆ ಮಾಡಿ ಫ್ರಿಜ್ಜಲ್ಲಿ ಇಡ್ಬೇಡಿ. ಮೇಲೆ ನಿಮ್ಮ ಅಡಿಕೆ ತೋಟದ್ದೇ ಜಾಯಿಕಾಯಿ ಎರಡು ಸಲ ತುರಿದು ಉದುರ್ಸಿ, ಘಮ ನೋಡಿ. ಜೋನಿ ಬೆಲ್ಲ ಹಳೇದಾಗಿ ಹುಳಿ ವಾಸ್ನೆ ಬಂದಿದ್ರೆ ಬೇಡ.

ಕಾಗದದ ಕೊಡೆ ಬಿಡಿ. ಹವಾಯಿಯ ವೈಕಿಕಿಯಲ್ಲಿ ಹ್ಯಾರಿ ಯೀ ಅಂತ ಬಾರ್‌ಟೆಂಡರ್ ಇದ್ದ, 1957ರಲ್ಲಿ ಬ್ಲೂ ಹವಾಯಿ ಅನ್ನೋ ಆ ನೀಲಿ ಡ್ರಿಂಕ್ ಮಾಡಿದವ, ಮುಂಚೆ ಎಲ್ಲ ಗ್ಲಾಸಿಗೆ ಕಬ್ಬಿನ ತುಂಡು ಸಿಕ್ಕಿಸ್ತಿದ್ನಂತೆ, ಗಿರಾಕಿಗಳು ಚೀಪಿ ಆ್ಯಶ್‌ಟ್ರೇಗೆ ಹಾಕೋದು, ಅದು ಅಂಟಂಟು, ತೊಳೆಯೋದು ಕಷ್ಟ, ಅದಕ್ಕೆ ಆರ್ಕಿಡ್ ಹೂವು ಇಡೋಕೆ ಶುರು ಮಾಡ್ದ. ನೀವು ಕಬ್ಬೂ ಇಡ್ಬೇಡಿ, ಆರ್ಕಿಡ್ಡೂ ಹುಡುಕ್ಬೇಡಿ, ಅಂಗಳದ ದಾಸವಾಳ ಸಾಕು, ಹಳದಿ ಇದ್ರೆ ಹವಾಯಿಯ ರಾಜ್ಯ ಹೂವಿನ ಬಣ್ಣನೇ ಅದು. ಮದ್ದು ಹೊಡೆದ ಗಿಡದ್ದು ಆಗ್ಬಾರದು ಅಷ್ಟೇ, ಮತ್ತೆ ದಾಸವಾಳ ಸಂಜೆಗೆ ಮುದುಡಿ ಹೋಗ್ತದೆ, ಪಾರ್ಟಿ ಮಧ್ಯಾಹ್ನವೇ ಇಟ್ಕೊಳ್ಳಿ.